ಟ್ಯೂಬಿಗೆ ಕಟ್ಟಿದ ತಂತಿ

ಹಳೆಯ ಚೋಕ್ ಬಿಸಿಯಾದಾಗ ಬರುವ ವಾಸನೆ ನಿಮಗೆ ಗೊತ್ತಿರಬಹುದು. ಡಾಂಬರು, ಧೂಳು, ಸುಟ್ಟ ವಾರ್ನಿಷ್ ಮೂರೂ ಕಲಸಿದಂಥದು. ಮೊನ್ನೆ ರಾಯಚೂರಿನ ನಮ್ಮ ಮನೆಗೆ ಎಲ್‌ಇಡಿ ದೀಪ ಹಾಕಲು ಬಂದ ಮಹಬೂಬ್, ಅಟ್ಟದ ಮೇಲಿದ್ದ ಒಂದು ಹಳೆಯ ಟ್ಯೂಬ್‌ಲೈಟ್ ಪಟ್ಟಿಯನ್ನು ಟ್ಯೂಬಿನ ಸಮೇತ ಇಳಿಸಿ, "ಗುಜರಿಗೆ ಹಾಕಲೇನ್ರೀ ಸರ್?" ಎಂದ.

"ಒಮ್ಮೆ ಹಚ್ಚಿ ನೋಡು" ಎಂದೆ. ಚೋಕ್ ಗುಂಯ್‌ಗುಟ್ಟಿತು, ಟ್ಯೂಬಿನ ಎರಡೂ ತುದಿ ಕೆಂಪಗಾದವು, ಆ ವಾಸನೆ ಬಂತು. ಬೆಳಕು ಮಾತ್ರ ಬರಲಿಲ್ಲ. ಬೆಳಕಿನ ಬದಲು ಕಣ್ಣ ಮುಂದೆ ಮಾನ್ವಿ ಊರು ಬಂತು.

ಎಪ್ಪತ್ತರ ದಶಕದ ಕೊನೆ ಇರಬೇಕು; ಖಚಿತವಾಗಿ ಕೇಳಬೇಡಿ. ಭೌತಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ, ಕೆಲಸ ಸಿಗದೆ, ಮಾನ್ವಿಯ ಚಿಕ್ಕವ್ವನ ಮನೆ ಸೇರಿದ್ದೆ. ಅಳೆದು ತೋರಿಸಲಾಗದ್ದನ್ನು ನಂಬುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ವಯಸ್ಸು. ರಾಯಚೂರು, ದೇವದುರ್ಗದ ಗುಜರಿ ಅಂಗಡಿಗಳಿಂದ ಸತ್ತ ಚೋಕ್, ತುಕ್ಕು ಹಿಡಿದ ಪಟ್ಟಿ, ತುದಿ ಕಪ್ಪಾದ ಟ್ಯೂಬುಗಳನ್ನು ಹೊತ್ತು ತರುವುದು ನನ್ನ ಹುಚ್ಚು. ಒಂದರ ಚೋಕನ್ನು ಇನ್ನೊಂದಕ್ಕೆ ಜೋಡಿಸುವುದು, ಚೋಕಿನ ಬದಲು ನೂರು ಕ್ಯಾಂಡಲ್ಲಿನ ಬಲ್ಬ್ ಹಾಕಿ ನೋಡುವುದು. ಹತ್ತಿದರೆ ನಾನು ವಿಜ್ಞಾನಿ. ಫ್ಯೂಸ್ ಹೋದರೆ ಮನೆಮಂದಿಯ ಬೈಗುಳ. ದೇವದುರ್ಗದ ಬಸ್ಸಿನಲ್ಲಿ ಟ್ಯೂಬೊಂದನ್ನು ಎದೆಗವುಚಿಕೊಂಡು ಕುಳಿತಿದ್ದಾಗ ಕಂಡಕ್ಟರ್, "ಕೂಸಿಗೂ ಒಂದು ಟಿಕೀಟ್ ತೊಗೋರಿ" ಅಂದಿದ್ದ. ಬಸ್ಸೆಲ್ಲ ನಕ್ಕಿತು. ಇದು ಚೆನ್ನಾಗಿ ನೆನಪಿದೆ. ಅವಮಾನಗಳು ಸರಿಯಾಗಿಯೇ ನೆನಪಿರುತ್ತವೆ, ತೊಂದರೆ ಇರುವುದು ಗೆಲುವುಗಳ ನೆನಪಿನಲ್ಲಿ.

ಚಿಕ್ಕವ್ವ ಸಂಜೆ ಏಳಕ್ಕೆ ಓಣಿಯ ಒಂದು ಕೋಣೆಯಲ್ಲಿ, ಹೊಲದ ಕೂಲಿ ಮುಗಿಸಿ ಬಂದ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದಳು. ಸರಿಯಾಗಿ ಅದೇ ಹೊತ್ತಿಗೆ ವೋಲ್ಟೇಜ್ ಕುಸಿದು ಟ್ಯೂಬ್ ಹತ್ತುತ್ತಿರಲಿಲ್ಲ. ಕಂದೀಲಿನ ಬೆಳಕಿಗೆ ಹಲಗೆ ಕಾಣದೆ ಒಬ್ಬೊಬ್ಬರೇ ಬರುವುದು ಬಿಟ್ಟರು. ಬಿಡದವರಲ್ಲಿ ದುರ್ಗವ್ವ ಒಬ್ಬಳು. ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾಗಿ ತನ್ನ ಹೆಸರು ಬರೆಯಲು ಕಲಿಯುತ್ತಿದ್ದಳು. 'ದು' ಬಂದಿತ್ತು, 'ರ್ಗ' ಒಲಿದಿರಲಿಲ್ಲ. ಅಷ್ಟರಲ್ಲಿ ವಯಸ್ಕರ ಶಿಕ್ಷಣ ಇಲಾಖೆಯಿಂದ ಚೀಟಿ ಬಂತು: ಗುರುವಾರ ಸಾಹೇಬರು ನೋಡಲು ಬರುತ್ತಾರೆ, ತರಗತಿ ನಡೆಯದಿದ್ದರೆ ಕೇಂದ್ರ ಮುಚ್ಚುತ್ತಾರೆ.

"ನಿನ್ನ ಎಂಎಸ್ಸಿ ಈಗರ ಉಪಯೋಗಕ್ಕ ಬರ್ಲಿ" ಎಂದಳು ಚಿಕ್ಕವ್ವ.

ಮೂರು ದಿನ ಮೂರು ಚೋಕ್ ಬದಲಿಸಿದೆ. ಹತ್ತಲಿಲ್ಲ. ಗುರುವಾರ ಸಂಜೆ ನನಗೆ ಹೊಳೆಯಿತು: ಟ್ಯೂಬಿನ ಉದ್ದಕ್ಕೂ ಒಂದು ತಂತಿ ಎಳೆದು ಪಟ್ಟಿಯ ತಗಡಿಗೆ ತಾಗಿಸಿದರೆ, ಕಡಿಮೆ ವೋಲ್ಟೇಜಿನಲ್ಲೂ ಹತ್ತುವುದು ಸುಲಭವಾಗುತ್ತದೆ. ಇಕ್ಕಳದಿಂದ ತಂತಿ ಬಿಗಿದೆ. ಎರಡು ಸಲ ಮಿಟುಕಿ ಟ್ಯೂಬ್ ಹತ್ತಿತು. ಸಾಹೇಬರು ಬಂದರು. ದುರ್ಗವ್ವ ಹಲಗೆಯ ಮೇಲೆ ಹೆಸರು ಬರೆದಳು; ಅರ್ಕಾವೊತ್ತು ಮಾತ್ರ ಒಂದು ಅಕ್ಷರ ಆಚೆ ಹೋಗಿ ಕೂತಿತ್ತು. ಕೇಂದ್ರ ಉಳಿಯಿತು.

ಮುಂದೆ ಮೇಷ್ಟ್ರಾದ ಮೇಲೆ ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಈ ಕಥೆ ಹೀಗೆಯೇ ಹೇಳಿದ್ದೇನೆ. ಆ ಕೋಣೆಗೆ ಹೊಸ ದೀಪ ಬಂದಾಗ ಈ ಪಟ್ಟಿಯನ್ನು ತಂತಿಯ ಸಮೇತ ಬೇಡಿ ತಂದವನೂ ನಾನೇ, ಪದಕದ ಹಾಗೆ.

ಮೊನ್ನೆ ಕನ್ನಡಕ ಏರಿಸಿ ಆ ತಂತಿಯನ್ನು ನೋಡಿದೆ. ಇಕ್ಕಳದ ಗುರುತೇ ಇಲ್ಲ. ಎರಡು ತುದಿ ಸೇರಿಸಿ, ಹುರಿಮಾಡಿ, ಬುಡದೊಳಗೆ ತೂರಿಸಿದ ಕಟ್ಟು. ಕೊಯ್ದ ಜೋಳದ ದಂಟನ್ನು ಸಿವುಡು ಕಟ್ಟುವವರ ಕೈ ಅದು. ನಾನು ಒಂದು ಸಿವುಡೂ ಕಟ್ಟಿದವನಲ್ಲ.

ಚಿಕ್ಕವ್ವನಿಗೆ ಫೋನ್ ಮಾಡಿದೆ. ಎಂಬತ್ತರ ಹತ್ತಿರದ ದನಿ ನಗುತ್ತಲೇ ಶುರುವಾಯಿತು.

"ನೀ ಎಲ್ಲಿ ಕಟ್ಟಿದಿ? ಟೂಬು ಜೋಲಾಡಾಕತ್ತದ ಅಂತ ದುರ್ಗವ್ವ ಈ ತುದಿಯಿಂದ ಆ ತುದಿತನಕ ತಂತಿ ಎಳದು ಪಟ್ಟಿಗಿ ಕಟ್ಟಾಕತ್ತಿದ್ಲು. 'ಏನ್ಬೇ ದುರ್ಗವ್ವ, ಇದೇನು ಸಿವುಡೇನು? ತೆಗಿ ಅದನ್ನ' ಅಂತ ನೀ ಒದರಿದಿ. 'ತಲಿ ಮ್ಯಾಲ ಬಿದ್ರ ಸಾಹೇಬಗ ಹೆಸರು ಬರ್ದು ತೋರ್ಸೋರು ಯಾರೋ ಯಪ್ಪಾ?' ಅಂದ್ಲು. ಆಕಿ ಕಟ್ಟಿದ ಕೂಡ್ಲೆ ಲೈಟ್ ಹತ್ತಿತು. ಆಮ್ಯಾಲ ಹಿಂಗ್ಯಾಕ ಹತ್ತಿತು ಅಂತ ನೀನ ಆಕಿಗಿ ಪಾಠ ಮಾಡಿದಿ!"

"ಖರೇನಾ?"

"ನನ್ನ ಮಾತು ಯಾಕ ನಂಬತಿ? ಹಿರೇಕೊಟ್ನೆಕಲ್ಲಿನಾಗ ಮಗಳ ಮನ್ಯಾಗ ಅದಾಳ, ಹೋಗಿ ಆಕಿನ್ನ ಕೇಳು. ಈಗ ಪೇಪರ್ ಬಂದ್ರ ಮದ್ಲು ಆಕಿನ ಓದಬೇಕು."

ಇಕ್ಕಳ ಹಿಡಿದ ನನ್ನ ಕೈ ಇವತ್ತಿಗೂ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ತಂತಿ ಬೇರೆಯೇ ಹೇಳುತ್ತಿದೆ, ಮತ್ತು ತಂತಿಗೆ ಹೆಮ್ಮೆಯಿಲ್ಲ.

"ಈ ತಂತಿ ಕಡೀಲೇನ್ರೀ ಸರ್?" ಮಹಬೂಬ್ ಕಟ್ಟರ್ ತೆಗೆದಿದ್ದ. ಬೇಡವೆಂದು, ಸ್ವಿಚ್ ಆರಿಸಲು ಹೇಳಿದೆ. ಒಂದು ಕಡೆಯ ಕಟ್ಟು ಸಡಿಲವಾಗಿ ತಗಡಿನಿಂದ ಕಳಚಿತ್ತು. ಹುರಿಮಾಡಿ ತೂರಿಸಲು ನೋಡಿದೆ. ಮೂರನೆಯ ಸಲಕ್ಕೆ ಹೇಗೋ ನಿಂತಿತು. ಸ್ವಿಚ್ ಒತ್ತಿದ. ಎರಡು ಸಲ ಮಿಟುಕಿ ಟ್ಯೂಬ್ ಹತ್ತಿತು.

"ಅರೇ! ಹಿಂಗ ಕಟ್ಟಿದ್ರ ಹತ್ತತಾದಂತ ಯಾರು ಹೇಳಿದ್ರೀ ನಿಮಗ?"

ಮೂವತ್ತು ವರ್ಷದ ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತು.

"ದುರ್ಗವ್ವ ಅಂತ ಒಬ್ಬಾಕಿ ಅದಾಳ" ಎಂದೆ. "ಭಾನುವಾರ ಆಕಿ ಕಡೀಗಿ ಹೊಂಟೀನಿ. ಪಟ್ಟಿ ಬಸ್ಸಿನಾಗ ಒಯ್ಯೋ ಹಂಗ ಸುತ್ತಿ ಕೊಡು."

ಈ ಸಲ ಕೂಸಿಗೂ ಟಿಕೀಟ್ ತೆಗೆಸುತ್ತೇನೆ.