‘ಸ್ವಂತ ಕಾರಣಗಳಿಂದ’ ಎಂದು ಬರೆದು ಕೆಟ್ಟದ್ದು

ನನ್ನ ಬಾಯಿ ಜೋರು. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ನನ್ನ ಯಜಮಾನರು ಹೇಳುತ್ತಾರೆ. ಆದರೆ ಬಾಯಿಗೂ ಕೈಗೂ ಸಂಬಂಧವೇ ಇಲ್ಲದ ಹಾಗೆ ನನ್ನನ್ನು ಬೆಳೆಸಿದ್ದಾರೆ. ಬಾಯಲ್ಲಿ ಎಷ್ಟೇ ಕೂಗಾಡಲಿ, ಕಾಗದ ಬರೆಯಲು ಕೂತರೆ ನಾನು ಅಪ್ಪಟ ಮೈಸೂರಿನವಳು. ನಮ್ಮಮ್ಮ ನೀರುನೀರು ಕಾಫಿ ಕೊಟ್ಟ ಮನೆಯಿಂದ ಹೊರಡುವಾಗಲೂ “ಕಾಫಿ ಎಷ್ಟು ಚೆನ್ನಾಗಿತ್ತು ರೀ” ಅನ್ನದೆ ಚಪ್ಪಲಿ ಮೆಟ್ಟಿದವರಲ್ಲ. ಬಿಟ್ಟು ಹೋಗುವವರು ಒಳ್ಳೆ ಮಾತಾಡಿ ಹೋಗಬೇಕು ಎನ್ನುವುದು ನಮ್ಮ ಮನೆಯ ಕಾನೂನು. ಜಪಾನಿಗೆ ಬಂದು ಹನ್ನೊಂದು ವರ್ಷದಲ್ಲಿ ನನ್ನ ಈ ಗುಣ ಇನ್ನಷ್ಟು ಕೊಬ್ಬಿತ್ತು. ಅದರಿಂದಾದ ಅವಾಂತರ ಇದು.

ಟೋಕಿಯೋದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಒಂದು ದಿನ ನಮ್ಮ ವಿಭಾಗದ ಒಂಬತ್ತು ಜನರನ್ನೂ ಮೀಟಿಂಗ್ ರೂಮಿಗೆ ಕರೆದರು. ಮ್ಯಾನೇಜರ್ ಎಷ್ಟು ಬಗ್ಗಿ ನಮಸ್ಕರಿಸಿದರೆಂದರೆ, ಅಯ್ಯೋ ಪಾಪ, ಯಾರೋ ಹೋಗಿಬಿಟ್ಟಿದ್ದಾರೆ ಎಂದುಕೊಂಡೆ. ಹೋಗಿದ್ದವರು ನಾವೇ! ಟೆಸ್ಟಿಂಗ್ ಕೆಲಸವನ್ನು ಹೊರಗಿನ ಒಂದು ಕಂಪನಿಗೆ ಗುತ್ತಿಗೆ ಕೊಟ್ಟಾಗಿತ್ತು. ಬೇಕಿದ್ದವರು ಆ ಕಂಪನಿಗೆ ಸೇರಿಕೊಳ್ಳಬಹುದಿತ್ತು. ಅದೇ ಮೇಜು, ಅದೇ ಕುರ್ಚಿ, ಅದೇ ಕಂಪ್ಯೂಟರ್. ಕತ್ತಿನ ಬ್ಯಾಡ್ಜಿನ ದಾರ ಮಾತ್ರ ನೀಲಿಯಿಂದ ಹಸಿರಾಗುತ್ತದೆ, ಸಂಬಳ ಮೂರರಲ್ಲಿ ಎರಡು ಪಾಲಾಗುತ್ತದೆ. ಹೊಸ ಸಂಬಳ ಬರೆದ ಹಾಳೆಯನ್ನು ಒಬ್ಬೊಬ್ಬರಿಗೂ ಕೊಟ್ಟು, ಓದಿಸಿ, ಎರಡೂ ಕೈಯಲ್ಲಿ ಗೌರವದಿಂದ ವಾಪಸ್ ಇಸಿದುಕೊಂಡರು.

ಎಂಟು ಜನ “ಯೋಚಿಸುತ್ತೇವೆ” ಎಂದರು. ನಾನು “ಇಲ್ಲ” ಎಂದೆ. ಸ್ವಲ್ಪ ಯೋಚಿಸಿ ನೋಡಿ ಎಂದರು ಮ್ಯಾನೇಜರ್. ಇಲ್ಲ ಎಂದೆ. ಕೂರುವ ಜಾಗವೂ ಬದಲಾಗುವುದಿಲ್ಲ ಎಂದರು. ಇಲ್ಲ ಎಂದೆ. ಹೀಗೇ ನಡೆದು ಕೊನೆಗೆ ನನ್ನಲ್ಲಿದ್ದ ಜಪಾನಿ ಭಾಷೆ ಖರ್ಚಾಗಿ ಕನ್ನಡ ಹೊರಬಂತು.

“ಆಗಲ್ಲ ಅಂದ್ರೆ ಆಗಲ್ಲ ಕಣ್ರೀ! ಅದೇ ಕುರ್ಚಿಯಂತೆ! ಕುರ್ಚಿನ ತಗೊಂಡ್ಹೋಗಿ ನಿಮ್ಮ ತಲೆ ಮೇಲಿಟ್ಕೊಳ್ಳಿ!”

ಮ್ಯಾನೇಜರ್ ತಲೆದೂಗಿ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಏನು ಬರೆದರೋ ಆ ದೇವರೇ ಬಲ್ಲ.

ನನ್ನ ಪಕ್ಕದಲ್ಲಿ ಛತ್ರಿ-ಸಾನ್ ಕೂತಿದ್ದರು. ಅದು ಅವರ ಹೆಸರಲ್ಲ, ಮನೆಯಲ್ಲಿ ಹೇಳಿಕೊಳ್ಳಲು ನಾನು ಇಟ್ಟದ್ದು; ಸಾನ್ ಎಂದರೆ ಇಲ್ಲಿ ನಮ್ಮ ‘ಅವರು’ ಇದ್ದ ಹಾಗೆ. ಐವತ್ತು ದಾಟಿದ, ಮೆತ್ತಗಿನ ಮನುಷ್ಯ. ಮೇಜಿನ ಕೆಳಗೆ ಯಾವಾಗಲೂ ಮೂರು ಛತ್ರಿ ಇರುತ್ತಿದ್ದವು: ಒಂದು ತಮಗೆ, ಒಂದು ಮರೆತು ಬಂದವರಿಗೆ, ಇನ್ನೊಂದು ಆ ಮರೆತು ಬಂದವರು ವಾಪಸ್ ಕೊಡುವುದನ್ನೂ ಮರೆತರೆ ಇರಲಿ ಎಂದು. ಹನ್ನೊಂದು ವರ್ಷ ಪಕ್ಕದಲ್ಲೇ ಕೂತರೂ ಅವರು ಯಾರಿಗಾದರೂ ‘ಇಲ್ಲ’ ಎಂದದ್ದನ್ನು ನಾನು ಕೇಳಿರಲಿಲ್ಲ. ಮರುದಿನವೇ ಅವರು ಹಸಿರು ದಾರಕ್ಕೆ ಸಹಿ ಹಾಕಿದರು.

ನನ್ನಿಂದ ಕಂಪನಿಯವರು ರಾಜೀನಾಮೆ ಪತ್ರ ಕೇಳಿದರು. ಹೇಗೆ ಬರೆಯುವುದೆಂದು ಛತ್ರಿ-ಸಾನ್ ಅವರನ್ನೇ ಕೇಳಿದೆ. ಅವರು ಒಂದು ಸಾಲು ಬರೆದುಕೊಟ್ಟರು: ‘ನನ್ನ ಸ್ವಂತ ಕಾರಣಗಳಿಂದಾಗಿ ಕೆಲಸ ಬಿಡುತ್ತಿದ್ದೇನೆ.’ ಇಲ್ಲಿ ಎಲ್ಲರೂ ಬರೆಯುವುದು ಅದನ್ನೇ. ಬಾಸ್ ಬೈದು ಓಡಿಸಿದರೂ ಅದೇ, ಲಾಟರಿ ಹೊಡೆದರೂ ಅದೇ. ನಮ್ಮ ಲಗ್ನಪತ್ರಿಕೆಯಲ್ಲಿ ‘ಸಕುಟುಂಬ ಸಪರಿವಾರ ಸಮೇತರಾಗಿ’ ಇದ್ದ ಹಾಗೆ. ಆಹಾ, ಎಷ್ಟು ಸಭ್ಯವಾಗಿದೆ ಎಂದು ನಾನು ಕರಗಿಹೋದೆ. ಕುಂಚದಂಥ ಪೆನ್ನು ತಂದು, ನಾಲ್ಕು ಹಾಳೆ ಕೆಡಿಸಿ, ಐದನೆಯದರಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದೆ.

ಅಷ್ಟಕ್ಕೇ ನಿಲ್ಲಿಸಿದೆನೇ? ಕೆಲಸ ಬಿಡುವವರು ಎಲ್ಲರಿಗೂ ಸಿಹಿ ಹಂಚಿ ಹೋಗುವುದು ಇಲ್ಲಿನ ಪದ್ಧತಿ. ಅಂಗಡಿಯದು ಕೊಟ್ಟರೆ ಮೈಸೂರಿನ ಮಾನ ಉಳಿಯುತ್ತದೆಯೇ? ಮನೆಯಲ್ಲೇ ಮೈಸೂರುಪಾಕ್ ಮಾಡಿದೆ. ಪಾಕ ಏರಿಹೋಗಿ ಇಟ್ಟಿಗೆಯಾಯಿತು. ಪ್ರತಿ ಇಟ್ಟಿಗೆಗೂ ‘ಸ್ವಂತ ಕಾರಣಗಳಿಂದ ಹೊರಡುತ್ತಿರುವ ಈ ಸ್ವಾರ್ಥಿಯನ್ನು ಕ್ಷಮಿಸಿ’ ಎಂಬ ಚೀಟಿ ಅಂಟಿಸಿದೆ. ಎಲ್ಲರೂ ಬಹಳ ರುಚಿ, ಬಹಳ ರುಚಿ ಎನ್ನುತ್ತ ಕಣ್ಣಲ್ಲಿ ನೀರು ತುಂಬಿಕೊಂಡು ತಿಂದರು. ನನ್ನನ್ನು ಕಳಿಸಿಕೊಡುವ ಸಂಕಟ ಎಂದುಕೊಂಡೆ.

ಆಮೇಲೆ ನಿರುದ್ಯೋಗ ಭತ್ಯೆ ಕೇಳಲು ಸರ್ಕಾರದ ಉದ್ಯೋಗ ಕಚೇರಿಗೆ ಹೋದೆ. ಕೌಂಟರಿನಲ್ಲಿ ಕನ್ನಡಕಕ್ಕೆ ಸರ ಕಟ್ಟಿಕೊಂಡ ಒಬ್ಬ ಹೆಂಗಸು, ಒಳ್ಳೆಯವರು, ನಿಧಾನವಾಗಿ ವಿವರಿಸಿದರು. ತಾವಾಗಿ ಕೆಲಸ ಬಿಟ್ಟವರಿಗೆ ಭತ್ಯೆ ತಿಂಗಳುಗಟ್ಟಲೆ ತಡ. ಸಂಬಳ ಇಷ್ಟೊಂದು ಇಳಿಸುವ ಕೆಲಸ ಬೇಡವೆಂದು ಬಿಟ್ಟರೆ, ಅದು ಕಂಪನಿಯಿಂದಾದದ್ದು ಎಂದು ಎಣಿಸಿ ಒಂದು ವಾರ ಕಳೆಯುತ್ತಲೇ ಶುರು.

“ನಿಮ್ಮದು ಯಾವುದು?”

“ಎರಡನೆಯದು!” ಎಂದೆ, ಗಂಟಲೆತ್ತಿ.

ಅವರು ಕಂಪನಿ ಕಳಿಸಿದ ಕಾಗದಗಳಿಂದ ನನ್ನ ರಾಜೀನಾಮೆ ಪತ್ರದ ಪ್ರತಿ ತೆಗೆದು ಮುಂದಿಟ್ಟರು. ‘ನನ್ನ ಸ್ವಂತ ಕಾರಣಗಳಿಂದಾಗಿ.’

“ಕೈಬರಹ ತುಂಬಾ ಸುಂದರವಾಗಿದೆ,” ಎಂದರು.

“ಅರಿಗಾತೋ,” ಎಂದು ಥ್ಯಾಂಕ್ಸ್ ಹೇಳಿದೆ. ಇನ್ನೇನು ಹೇಳಲಿ, ನನ್ನ ಕರ್ಮ!

ಆಕ್ಷೇಪಣೆ ಇದ್ದರೆ ಗುರುತು ಹಾಕಲು ಅರ್ಜಿಯಲ್ಲೊಂದು ಜಾಗವಿತ್ತು. ಹಾಕಿದೆ. ಆದರೆ ಬರಿಯ ಗುರುತು ಸಾಲದು, ಆಧಾರ ಬೇಕು ಎಂದರು. ಆ ಸಂಬಳದ ಹಾಳೆಯಾದರೂ ಸರಿ, ಆ ರೂಮಿನಲ್ಲಿದ್ದ ಯಾರಾದರೂ ಬರೆದುಕೊಟ್ಟರೂ ಸರಿ. ಹಾಳೆಯನ್ನು ವಾಪಸ್ ಕೊಟ್ಟಾಗಿತ್ತಲ್ಲ, ಅದೂ ಎರಡು ಕೈಯಲ್ಲಿ.

ಓಜಿಮಾದ ನಮ್ಮ ಫ್ಲಾಟಿನ ಬಾಡಿಗೆ ನನ್ನ ಸಂಬಳದಿಂದ ಹೋಗುತ್ತಿತ್ತು. ಭತ್ಯೆ ತಡವಾದರೆ ನನಗಿದ್ದ ದಾರಿ ಒಂದೇ. ಗುತ್ತಿಗೆ ಕಂಪನಿಯವರು ಆ ಕುರ್ಚಿಯನ್ನು ತಿಂಗಳ ಕೊನೆಯವರೆಗೆ ನನಗಾಗಿ ಖಾಲಿ ಇಟ್ಟಿದ್ದರು. ತಲೆ ಮೇಲಿಟ್ಟುಕೊಳ್ಳಿ ಎಂದು ನಾನು ಕೂಗಿ ಬಂದ ಅದೇ ಕುರ್ಚಿಗೆ, ಹಸಿರು ದಾರ ಕಟ್ಟಿಕೊಂಡು ಹೋಗಿ ಕೂರಬೇಕಿತ್ತು.

ಯಜಮಾನರು ಕೇಳಿ ಬಿದ್ದು ಬಿದ್ದು ನಕ್ಕರು. “ಕೋಪದಲ್ಲಿ ಕೊಯ್ದ ಮೂಗು ಅಂತಾರೆ. ನೀನು ಉಪಚಾರದಲ್ಲಿ ಕೊಯ್ಕೊಂಡ್ಯಲ್ಲೇ!”

“ಸುಮ್ನಿರ್ರೀ, ಉರಿಯೋ ಬೆಂಕಿಗೆ ತುಪ್ಪ ಸುರೀಬೇಡಿ.”

“ಅಲ್ಲ ಕಣೇ, ಬಾಯಲ್ಲಿ ಅಂದಿದ್ದನ್ನೇ ಲೆಟರಲ್ಲೂ ಬರ್ದಿದ್ರೆ ಈ ಪ್ರಾಬ್ಲಮ್ಮೇ ಇರ್ತಿರ್ಲಿಲ್ಲ. ಸರಿ, ಛತ್ರಿ-ಸಾನ್‌ನ ಕೇಳು.”

“ಅವ್ರು ಹೆಂಗ್ರೀ ಬರ್ಕೊಡ್ತಾರೆ? ಪಾಪ, ಅಲ್ಲೇ ಕೆಲ್ಸ ಮಾಡ್ತಿದಾರೆ.”

ಆದರೂ ಕೇಳಿದೆ. ಕಷ್ಟವಾದರೆ ಬೇಡ ಎಂದು ಮೂರು ಸಲ ಸೇರಿಸಿ, ಉದ್ದದ ಮೆಸೇಜ್ ಕಳಿಸಿದೆ. ಸಂಜೆಗೆ ಉತ್ತರ ಬಂತು: ‘ಯೋಚಿಸುತ್ತೇನೆ.’

ಇಲ್ಲಿ ಅದರ ಅರ್ಥ ಏನೆಂದು ಹನ್ನೊಂದು ವರ್ಷದಲ್ಲಿ ಕಲಿತಿದ್ದೆ. ಆಗುವುದಿಲ್ಲ ಎಂದು ಅರ್ಥ. ಸಿಟ್ಟು ಬಂತು. ಎಷ್ಟು ಸಲ ಈ ಮನುಷ್ಯನಿಗೆ ಡಬ್ಬಿಯ ಚಿತ್ರಾನ್ನ ಕೊಟ್ಟಿಲ್ಲ ಎಂದು ಲೆಕ್ಕ ಹಾಕಿದೆ. ಆಮೇಲೆ ಹಾಗೆ ಲೆಕ್ಕ ಹಾಕಿದ್ದಕ್ಕೆ ನನ್ನ ಮೇಲೇ ನಾಚಿಕೆಯಾಯಿತು. ಸಿಂಕಿನ ಮುಂದೆ ನಿಂತು ಸ್ವಲ್ಪ ಅತ್ತೆ ಕೂಡ. ವಾರ ಕಳೆಯಿತು. ಆಫೀಸಿನ ಶರ್ಟಿಗೆ ಇಸ್ತ್ರಿ ಹಾಕಿ ಬಾಗಿಲ ಹಿಂದೆ ನೇತುಹಾಕಿದೆ.

ತಿಂಗಳು ಮುಗಿಯಲು ಎರಡು ದಿನವಿದ್ದಾಗ ಅವರಿಂದ ಇನ್ನೊಂದು ಮೆಸೇಜ್ ಬಂತು, ಓಜಿಮಾ ಸ್ಟೇಷನ್ನಿಗೆ ಬನ್ನಿ ಎಂದು. ಸುಡುಬಿಸಿಲಿನ ಮಧ್ಯಾಹ್ನ. ಕೊಂಬಿನಿ ಅಂಗಡಿಯ ಮುಂದೆ ಛತ್ರಿ-ಸಾನ್ ಮಡಿಸಿದ ಛತ್ರಿ ಹಿಡಿದು ನಿಂತಿದ್ದರು. ಕತ್ತಿನಲ್ಲಿ ಹಸಿರು ದಾರ. ಎರಡೂ ಕೈಯಲ್ಲಿ ಒಂದು ಲಕೋಟೆ ಚಾಚಿ, “ಸುಮಿಮಾಸೆನ್, ಕ್ಷಮಿಸಿ, ಯೋಚಿಸಲು ತಡವಾಯಿತು,” ಎಂದು ಬಗ್ಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ, ಊಟದ ಬಿಡುವು ಮುಗಿಯುತ್ತದೆ ಎಂದು ಓಡಿದರು.

ಲಕೋಟೆ ತೆಗೆದುಕೊಂಡು ನೆಟ್ಟಗೆ ಕಚೇರಿಗೆ ಹೋದೆ. ಕನ್ನಡಕದ ಸರದ ಹೆಂಗಸು ಗಂಭೀರವಾಗಿ ಓದಿದರು, ನಡುವೆ ಎರಡು ಸಲ ಕೆಮ್ಮಿದರು. ಆಮೇಲೆ ನನ್ನ ಕಡೆ ತಿರುಗಿಸಿದರು.

‘ಹೊಸ ಸಂಬಳದ ಹಾಳೆಯನ್ನು ಈಕೆಗೆ ತೋರಿಸಿದಾಗ ನಾನು ಪಕ್ಕದಲ್ಲಿದ್ದೆ. ಸಂಬಳ ಮೂರರಲ್ಲಿ ಒಂದು ಪಾಲು ಕಡಿಮೆಯಿತ್ತು. ಈಕೆ ಏಳು ಸಲ ಇಲ್ಲ ಎಂದರು. ಎಂಟನೆಯದು ಬೇರೆ ಭಾಷೆಯಲ್ಲಿತ್ತು, ಅದೂ ಇಲ್ಲ ಎಂದೇ ಇರಬೇಕು. ಪತ್ರದಲ್ಲಿರುವ “ಸ್ವಂತ ಕಾರಣ” ನಾನು ಹೇಳಿಕೊಟ್ಟದ್ದು, ತಪ್ಪು ನನ್ನದು. ಹೊರಡುವ ದಿನ ಈಕೆ ಹಂಚಿದ ಸಿಹಿಯೂ ಬಹಳ ಗಟ್ಟಿಯಾಗಿತ್ತು. ಮನಸ್ಸಿದ್ದು ಬಿಟ್ಟವರು ಅಂಥದ್ದನ್ನು ಮಾಡಲಾರರು. ಅಂದು ನನಗೂ ಒಂದು ಸಲ ಇಲ್ಲ ಎನ್ನಬೇಕೆನಿಸಿತ್ತು.’

ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ಆ ಹೆಂಗಸು ಇಷ್ಟು ಆಧಾರ ಸಾಕು ಎಂದು ಟಿಶ್ಯೂ ಪೊಟ್ಟಣವನ್ನು ನನ್ನ ಕಡೆ ಸರಿಸಿದರು. ಕೆಲವು ದಿನಕ್ಕೆ ನನ್ನ ಆಕ್ಷೇಪಣೆ ಒಪ್ಪಿಗೆಯಾಯಿತು. ಇಸ್ತ್ರಿಯ ಶರ್ಟು ಅಂದೇ ಬೀರು ಸೇರಿತ್ತು.

ಆಮೇಲೆ ಮತ್ತೆ ಮೈಸೂರುಪಾಕ್ ಮಾಡಿದೆ. ಈ ಸಲ ಅಮ್ಮ ಫೋನಿನಲ್ಲಿ ಒಲೆ ಆರಿಸುವ ಹೊತ್ತು ಹೇಳಿದರು, ಬಾಯಲ್ಲಿಟ್ಟರೆ ಕರಗುವಂತಾಯಿತು. ಅದೇ ಕೊಂಬಿನಿಯ ಮುಂದೆ ಛತ್ರಿ-ಸಾನ್‌ಗೆ ಡಬ್ಬಿ ತೆರೆದು ಕೊಟ್ಟೆ. ಅವರು ಒಂದು ಚೂರನ್ನು ಹುಷಾರಾಗಿ ಎಡಗಡೆಯ ಹಲ್ಲಿಗೆ ಕೊಟ್ಟು ತಿಂದರು. ಆಗ ಗೊತ್ತಾಯಿತು, ಬಲಗಡೆಯ ಹಲ್ಲಿನ ಕ್ಯಾಪ್ ಹೋದ ಸಲದ ಇಟ್ಟಿಗೆಗೆ ಹಾರಿಹೋಗಿತ್ತೆಂದು. ಪುಣ್ಯಾತ್ಮ, ಉಸಿರೆತ್ತಿರಲಿಲ್ಲ.

“ಇನ್ನೊಂದು ತಗೊಳ್ಳಿ,” ಎಂದೆ. ತಗೊಂಡರು. “ಇನ್ನೊಂದೇ ಒಂದು,” ಎಂದೆ. ನಮ್ಮ ಕಡೆಯ ಉಪಚಾರ, ಬಿಡುವುದುಂಟೇ? ಅದನ್ನೂ ತಿಂದರು. “ಸಂಕೋಚ ಬೇಡ, ಇನ್ನೊಂದು,” ಎಂದು ಡಬ್ಬಿ ಮುಂದೆ ಹಿಡಿದೆ.

ಛತ್ರಿ-ಸಾನ್ ಡಬ್ಬಿ ನೋಡಿದರು. ನನ್ನನ್ನು ನೋಡಿದರು. ಒಮ್ಮೆ ಗಂಟಲು ಸರಿಮಾಡಿಕೊಂಡರು.

“ಇಲ್ಲ,” ಎಂದರು.

ಎಂದು, ತಾವೇ ಗಾಬರಿಯಾಗಿ ಸುತ್ತಮುತ್ತ ನೋಡಿದರು. ಯಾರೂ ತಿರುಗಿ ನೋಡಿರಲಿಲ್ಲ. ಸಿಗ್ನಲ್ ಹಸಿರಾಗಿ ಜನ ರಸ್ತೆ ದಾಟುತ್ತಿದ್ದರು.

“ಇನ್ನೊಂದು ಸಲ ಹೇಳಿ,” ಎಂದೆ.

ಹೇಳಿದರು.