ಮಟ್ಟಿ ಮಲಗುವ ವಾರ

ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಅಗುಳಿಯಿಲ್ಲ. ಇದ್ದದ್ದು ಮುರಿದು ಎಷ್ಟೋ ಕಾಲವಾಯಿತು, ಬಡಗಿಯನ್ನು ಕರೆಸುವ ಉತ್ಸಾಹ ನನಗಿನ್ನೂ ಬಂದಿಲ್ಲ. ಗಾಳಿಗೆ ಬಡಿದುಕೊಳ್ಳದಿರಲೆಂದು ನನ್ನ ಹೆಂಡತಿ ಅದಕ್ಕೊಂದು ಕರಲಾಕಟ್ಟೆಯನ್ನು ಒತ್ತಿ ನಿಲ್ಲಿಸುತ್ತಾಳೆ. ಕರಲಾಕಟ್ಟೆ ನಿಮಗೂ ಗೊತ್ತಿರಬೇಕು. ಗರಡಿಮನೆಯಲ್ಲಿ ಪೈಲ್ವಾನರು ಹೆಗಲ ಸುತ್ತ ಬೀಸುತ್ತಾರಲ್ಲ, ಬುಡ ದಪ್ಪ, ಹಿಡಿ ಸಣ್ಣ, ಆ ಮರದ ತುಂಡು. ಮನೆಗೆ ಬಂದವರು ಅದನ್ನೊಮ್ಮೆ, ನನ್ನ ಹೊಟ್ಟೆಯನ್ನೊಮ್ಮೆ ನೋಡಿ ಒಳಗೊಳಗೇ ನಗುತ್ತಾರೆ. ನಗಲಿ ಪಾಪ. ಅದು ನನ್ನದಲ್ಲ, ನನ್ನ ಓರಗೆಯ, ಊರಲ್ಲಿ ಪಕ್ಕದ ಮನೆಯವನಾಗಿದ್ದ ಓಬಯ್ಯನದು.

ನಮ್ಮೂರು ಸಿದ್ದಾಪುರದ ಗರಡಿಗೆ ನಾವಿಬ್ಬರೂ ಒಟ್ಟಿಗೇ ಸೇರಿದ್ದೆವು. ಅವನು ಬಲಕ್ಕಾಗಿ ಬಂದ. ನಾನು, ಸುಳ್ಳೇಕೆ ಹೇಳಲಿ, ಸಾಮು ಮುಗಿದ ಮೇಲೆ ಕೊಡುತ್ತಿದ್ದ ನೆನೆಗಡಲೆ ಬೆಲ್ಲಕ್ಕಾಗಿ ಬಂದೆ. ನಮ್ಮ ಉಸ್ತಾದರು ತಿಪ್ಪಣ್ಣನವರು ಮಿತಭಾಷಿ, ಆದರೆ ಅವರ ವಾರಕ್ಕೊಂದು ಲಯವಿತ್ತು. ಒಂದು ದಿನ ದಂಡ ಬಸ್ಕಿ ಹೊಡೆಸಿ, ಕುಸ್ತಿಗೆ ಬಿಟ್ಟು ಮೈಯೆಲ್ಲ ಹಣ್ಣು ಮಾಡಿದರೆ, ಮರುದಿನ ಹಗುರ ಕರಲಾಕಟ್ಟೆ ಕೈಗಿತ್ತು ತೊಟ್ಟಿಲು ತೂಗುವಷ್ಟು ನಿಧಾನವಾಗಿ ಬೀಸಿಸುವರು, ಒಬ್ಬರಿಂದೊಬ್ಬರಿಗೆ ಎಣ್ಣೆ ತಿಕ್ಕಿಸುವರು, ಗುಡ್ಡದ ಬುಡದವರೆಗೆ ಸುಮ್ಮನೆ ನಡೆದು ಬರಲು ಕಳಿಸುವರು. ಸೋಮವಾರ ಮಾತ್ರ ಮಟ್ಟಿ ಮಲಗುತ್ತಿತ್ತು. ಮಟ್ಟಿಯೆಂದರೆ ಕುಸ್ತಿಯಾಡುವ ಕೆಮ್ಮಣ್ಣಿನ ಕಣ. ಭಾನುವಾರ ಸಂಜೆ ಆ ಮಣ್ಣನ್ನು ಕೆದಕಿ, ಎಣ್ಣೆ ಮಜ್ಜಿಗೆ ಅರಿಶಿನ ಬೆರೆಸಿ ಸಮ ಮಾಡಿ, ಕರಲಾಕಟ್ಟೆಗಳನ್ನೆಲ್ಲ ಗೋಡೆಯ ಬುಡದಲ್ಲಿ ಅಡ್ಡ ಮಲಗಿಸಿ, ಉಸ್ತಾದರು ಹೇಳುತ್ತಿದ್ದುದು ಒಂದೇ ಮಾತು: "ನಾಳೆ ಮಟ್ಟಿ ಮಲಗತೈತೆ. ಯಾರೂ ಇಳೀಬ್ಯಾಡ್ರಿ." ಅಷ್ಟು ಹೇಳಿ ದೀಪ ಹಚ್ಚಿ ಬಾಗಿಲೆಳೆದುಕೊಂಡು ಹೋಗುವರು.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ನೆಲದ ಹದ ಮೀರಿ ಹೋಗುತ್ತಿದ್ದರೂ ಸರಿಯೇ, ಆರು ಕಟ್ಟಿ ಉಳುವವನನ್ನು ಊರೇ ಉಗಿಯುತ್ತದೆ. ಎತ್ತಿಗೆ ದಣಿವುಂಟೆಂದು ಒಪ್ಪಿದ ಊರು, ಮಣ್ಣಿಗೂ ದಣಿವುಂಟೆಂದು ಒಪ್ಪಿದ ಊರು, ಮನುಷ್ಯನ ಸರದಿ ಬಂದಾಗ ಮಾತ್ರ ಮೈಗಳ್ಳ ಎನ್ನುತ್ತದೆ. ಆ ಬಿರುದು ನನಗೆ ಬಾಲ್ಯದಲ್ಲೇ ಸಂದಿತ್ತಾಗಿ ಸೋಮವಾರಗಳನ್ನು ನಾನು ನಿಶ್ಚಿಂತೆಯಿಂದ ಮಲಗಿ ಕಳೆದೆ. ಓಬಯ್ಯನಿಗೆ ಆ ಭಾಗ್ಯವಿರಲಿಲ್ಲ.

ಒಂದು ವರ್ಷ ಚಳ್ಳಕೆರೆಯಲ್ಲಿ ಕುಸ್ತಿ ಏರ್ಪಾಡಾಗಿ, ಬಳ್ಳಾರಿ ಕಡೆಯ ಪೈಲ್ವಾನನೊಬ್ಬನಿಗೆ ಓಬಯ್ಯನನ್ನು ಜೋಡಿ ಕಟ್ಟಿದರು. ನಾವೆಲ್ಲ ಗಾಡಿ ಕಟ್ಟಿಕೊಂಡು ಹೋದೆವು. ಬಹಳ ಹೊತ್ತು ಸಮಸಮ ಹೋರಾಡಿ, ಕಡೆಗೆ ದಮ್ಮು ಸಾಲದೆ, ನಮ್ಮವನ ಬೆನ್ನಿಗೆ ಮಣ್ಣು ಹತ್ತಿತು. ಗೆದ್ದವನೇ ಕೈಹಿಡಿದು ಎಬ್ಬಿಸಿ "ಶಾಭಾಸ್" ಎಂದ. ಆ ಶಾಭಾಸು ಬೈಗುಳಕ್ಕಿಂತ ಖಾರವಾಗಿ ಹತ್ತಿತೆಂದು ಕಾಣುತ್ತದೆ. ಸುಗ್ಗಿ ಮುಗಿದ ಮೇಲೆ ಮತ್ತೆ ಹಿಡಿಯುವುದೆಂದು ಮಾತಾಯಿತು. ಊರಿಗೆ ಮರಳುವಾಗ ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕುಳಿತ ಓಬಯ್ಯ ಅಂದ: "ಅವನಲ್ಲಲೇ ನನ್ನ ಕೆಡವಿದ್ದು. ಸುಮ್ನೆ ಬಿದ್ದುಕೊಂಡಿದ್ವಲ್ಲ, ಆ ಸೋಮವಾರಗಳು ಕೆಡವಿದ್ವು."

ಅಲ್ಲಿಂದ ಅವನ ಸೋಮವಾರಗಳು ಜಟಿಂಗ ರಾಮೇಶ್ವರನ ಗುಡ್ಡಕ್ಕೆ ಹೋದವು. ಹೆಗಲ ಮೇಲೆ ಗುಂಡುಕಲ್ಲು ಹೊತ್ತು ಮೆಟ್ಟಿಲು ಹತ್ತುವನು, ಇಳಿಯುವನು, ಕಾದ ಬಂಡೆಯ ಮೇಲೆ ಬಸ್ಕಿ ಹೊಡೆಯುವನು. ಬೀಸುವ ದಿನದ ಹಗುರ ಕರಲಾಕಟ್ಟೆಯನ್ನೂ ಬಿಟ್ಟು, ಭಾರದ್ದೊಂದನ್ನು ತಾನೇ ಕೊರೆಸಿಕೊಂಡ. "ಎತ್ತಿಗಿಂತ ಕಡೆ ಆದೇನಲೇ ನೀನು?" ಎಂದು ನಾನು ಕೆಣಕಿದರೆ, "ಎತ್ತು ಕುಸ್ತಿ ಹಿಡೀತೈತೇನಲೇ?" ಎಂದು ನಕ್ಕ. ಆ ನಗುವಿನಲ್ಲಿ ಕೆನ್ನೆಯ ಮೂಳೆ ಎದ್ದು ಕಂಡಿತು. ನನಗೆ ಹೆದರಿಕೆಯಾಗಿ ಉಸ್ತಾದರಿಗೆ ಹೇಳಿದೆ.

ಉಸ್ತಾದರು ಅವನನ್ನು ಕರೆಸಿ ಕೇಳಿದರು: "ಏನಪ್ಪಾ, ಸೋಮವಾರ ತಪ್ಪಿಸ್ತಿದ್ದೀಯಂತೆ?" ಓಬಯ್ಯ ಮಟ್ಟಿಯ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡ. "ಇಲ್ಲ ಉಸ್ತಾದ್ರೇ. ಸೋಮವಾರ ಮಟ್ಟಿಗೆ ಕಾಲಿಟ್ಟಿದ್ರೆ ನನ್ನ ಕಾಲು ಸೇದೋಗ್ಲಿ." ಆಣೆ ಸುಳ್ಳಾಗಿರಲಿಲ್ಲ. ಮಣ್ಣಿನ ಮೇಲೆ ಆಣೆಯಿಟ್ಟವನನ್ನು ಎರಡನೆಯ ಸಲ ಪ್ರಶ್ನಿಸುವ ವಾಡಿಕೆ ಗರಡಿಯಲ್ಲಿಲ್ಲ. ಉಸ್ತಾದರು ನನ್ನನ್ನೇ ಚಾಡಿಕೋರನಂತೆ ನೋಡಿ ಎದ್ದುಹೋದರು. ಮಟ್ಟಿ ಮಲಗಬೇಕೆಂದಿದ್ದರು, ಅವನು ಮಟ್ಟಿಯನ್ನು ಮಲಗಲು ಬಿಟ್ಟಿದ್ದ. ಆ ಗುಡ್ಡದ ಮೇಲೊಂದು ಅಕ್ಷರದ ಬಂಡೆಯಿದೆ. ಯಾವುದೋ ಕಾಲದ ದೊರೆ ತನ್ನ ಜನಕ್ಕೆ ಬುದ್ಧಿಮಾತು ಕೆತ್ತಿಸಿದ್ದಾನಂತೆ, ನಮ್ಮ ದನ ಕಾಯುವವರು ಅದಕ್ಕೊರಗಿ ರೊಟ್ಟಿ ತಿನ್ನುತ್ತಾರೆ. ಹೇಳಿದ ಮಾತು ತಲುಪುವುದು ಅಷ್ಟು ಸುಲಭವಲ್ಲ ನೋಡಿ.

ಮರುಕುಸ್ತಿಗೆ ಇನ್ನು ಕೆಲವೇ ದಿನಗಳಿರುವಾಗ, ಬೇಸಗೆಯ ಒಂದು ಸೋಮವಾರ ಅವನು ಗುಡ್ಡದಿಂದ ಬಂಡೆ ಮರ ಹಿಡಿದುಕೊಂಡು ಇಳಿದು ಬಂದ. ತೊಡೆಗಳು ಊದಿ ಕೊರಡಾಗಿದ್ದವು. ಮೂತ್ರ ಹುಣಿಸೆಹಣ್ಣು ಕಿವುಚಿದ ನೀರಿನಂತೆ ಕಪ್ಪಗೆ ಹೋಯಿತೆಂದು ನನ್ನೊಬ್ಬನಿಗೇ ನಾಚುತ್ತ ಹೇಳಿದ. ಅವನ ತಾಯಿ ಬೋರವ್ವ ಉಷ್ಣವಾಗಿದೆಯೆಂದು ಮೆಂತ್ಯ ಮಜ್ಜಿಗೆ ಕುಡಿಸಿದಳು. ಪಂಡಿತರು ಬಂದು ಲೇಪ ಹಾಕಿಸಿದರು. ಉಸ್ತಾದರು ತಾವೇ ಕುಳಿತು ಎಣ್ಣೆ ತಿಕ್ಕಿದರು. ಆಮೇಲೆ ಮೂತ್ರವೇ ಕಟ್ಟಿತು. ಮುಖ ಬಾತು, ಕಣ್ಣು ಮುಚ್ಚಿಹೋಗಿ, ನನ್ನ ಗೆಳೆಯನ ಗುರುತು ನನಗೇ ಸಿಗದಂತಾಯಿತು. ಮನೆಮಾತು ತೆಲುಗಾದ ಬೋರವ್ವ "ಲೇ ನಾಯನಾ, ಲೇ" ಎಂದು, ಏಳಪ್ಪಾ ಏಳೆಂದು, ಅವನ ಗಲ್ಲ ಹಿಡಿದು ಅಲುಗಿಸುತ್ತಿದ್ದಳು. ಕಡೆಯ ದಿನ ಅವನು ನನ್ನನ್ನು ಕೇಳಿದ್ದು ಒಂದೇ: "ಇವತ್ತು ಯಾವ ವಾರಲೇ?" ಶನಿವಾರ ಎಂದೆ. "ಸೋಮವಾರಕ್ಕೆ ಎದ್ದುಬಿಡ್ತೀನಿ ಬಿಡು" ಎಂದ. ಅಂದು ಸಂಜೆ ಹೋಗಿಬಿಟ್ಟ.

ಮಣ್ಣು ಮಾಡುವಾಗ ಉಸ್ತಾದರು ಪಂಚೆಯ ಸೆರಗಿನಲ್ಲಿ ಮಟ್ಟಿಯ ಕೆಮ್ಮಣ್ಣು ಕಟ್ಟಿ ತಂದಿದ್ದರು. ಅದನ್ನು ಅವನ ಎದೆಯ ಮೇಲೆ ಉದುರಿಸಿ, ಗುಂಡಿಯ ಅಂಚಿನಲ್ಲೇ ಕುಸಿದು ಕುಳಿತು, ಅಷ್ಟು ಜನರೆದುರು ಗೊಳೋ ಎಂದು ಅತ್ತರು. "ಮಟ್ಟಿ ಮಲಗ್ಲಿ ಅಂದೆ ಕಣಪ್ಪಾ, ನೀನು ಮಲಗು ಅಂತ ಬಾಯ್ಬಿಟ್ಟು ಅನ್ನಲಿಲ್ಲ. ಅಷ್ಟೂ ಗೊತ್ತಾಗ್ತೈತೆ ಅಂದ್ಕಂಡೆ." ಅವನು ಕೊರೆಸಿಕೊಂಡಿದ್ದ ಕರಲಾಕಟ್ಟೆಯನ್ನು ಬೋರವ್ವ ನನ್ನ ಕೈಗೆ ಹಾಕಿ, "ಇದನ್ನ ಕಣ್ಣೆದುರಿಗೆ ಇಟ್ಕಂಡು ನಾ ಇರಲಾರೆ" ಎಂದಳು.

ಈಗ ಮೊಳಕಾಲ್ಮೂರಿನಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿ ಹೊಟ್ಟೆ ಹೊರೆಯುತ್ತಿದ್ದೇನೆ. ನಮ್ಮ ಮ ಮತ್ತು ವ ಅವಳಿ ಮಕ್ಕಳು; ಒಂದು ಸಣ್ಣ ಕೊಂಡಿ ಮರೆತರೆ ಇದು ಅದಾಗುತ್ತದೆ. ಮೊನ್ನೆ ಒಬ್ಬ ಹುಡುಗ ಸಾಮು ಎಂದು ಬರೆಯಲು ಹೋಗಿ ಸಾವು ಎಂದು ಬರೆದು ತಂದ. ಯಾವ ತಪ್ಪಿಗೂ ಕಿವಿ ಹಿಂಡುವ ನಾನು ಅಂದು ಅದನ್ನು ತಿದ್ದದೆ ಬಹಳ ಹೊತ್ತು ನೋಡುತ್ತ ಕುಳಿತೆ. ಆಮೇಲೆ ಕೊಂಡಿ ಹಾಕಿಕೊಟ್ಟು ಎಲ್ಲರನ್ನೂ ಬೇಗ ಮನೆಗೆ ಕಳಿಸಿದೆ.

ಇವತ್ತು ಸೋಮವಾರ. ಹೆಂಡತಿ ಎಂದಿನಂತೆ ಕರಲಾಕಟ್ಟೆಯನ್ನು ಬಾಗಿಲಿಗೊತ್ತಿ ನಿಲ್ಲಿಸಿದ್ದಳು. ಇಷ್ಟು ವರ್ಷ ಅದನ್ನು ಹಗಲಿರುಳು ನಿಲ್ಲಿಸಿಯೇ ಇಟ್ಟಿದ್ದೇವಲ್ಲ ಎಂದು ಈ ಬೆಳಿಗ್ಗೆ ಒಮ್ಮೆಲೇ ಹೊಳೆಯಿತು. ಎತ್ತಿ, ಧೂಳೊರೆಸಿ, ಅಂಗೈಯಲ್ಲಿ ಒಂದಿಷ್ಟು ಎಣ್ಣೆ ಸವರಿ, ಗೋಡೆಯ ಬುಡದಲ್ಲಿ ಅಡ್ಡ ಮಲಗಿಸಿದೆ. ಬಾಗಿಲು ಗಾಳಿಗೆ ಧಡಾರೆಂದು ಹೊಡೆದುಕೊಂಡಿತು.

"ಬಾಗ್ಲು ಬಡಕಂತೈತಲ್ರೀ!" ಎಂದು ಹೆಂಡತಿ ಒಲೆಯ ಮುಂದಿನಿಂದ ಕೂಗಿದಳು.

"ಬಡಕಳ್ಳಿ ಬಿಡೇ," ಎಂದೆ. "ಅವನು ಮಲಗ್ಲಿ."