ಬೆಣ್ಣೆಗೆ ಕೊಟ್ಟ ನೀರು

ಡಬ್ಬಿಯಿಂದ ಜಿಡ್ಡು ಒಸರಿ ಸೀರೆಗೆ ತಾಗಿದಾಗ ನಮ್ಮ ಬಸ್ಸು ಆಗಷ್ಟೇ ಸಂಕೇಶ್ವರ ದಾಟಿತ್ತು. ಗಡಹಿಂಗ್ಲಜದ ತವರಿನಿಂದ ಇಚಲಕರಂಜಿಯ ತಂಗಿಗೆ ಒಯ್ಯುತ್ತಿದ್ದ ಬೆಣ್ಣೆ ಅದು. ಏಳು ತಿಂಗಳ ಬಸುರಿ ಅವಳು, ಮನೆಯ ಎಮ್ಮೆಯ ಬೆಣ್ಣೆ ಬೇಕೆಂದು ವಾರದಿಂದ ಹಂಬಲಿಸುತ್ತಿದ್ದಳು. ಅವಸರದಲ್ಲಿ ನಾನು ಬೆಣ್ಣೆ ಕರಗದಂತೆ ಡಬ್ಬಿಗೆ ನೀರು ಹಾಕುವುದನ್ನೇ ಮರೆತಿದ್ದೆ. ಏಪ್ರಿಲ್ ಬಿಸಿಲು ಬೇರೆ.

ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸಿಗೆ ಸಂಗತಿ ಹೇಳಿದೆ. ಅವರು ಡಬ್ಬಿ ಇಸಿದುಕೊಂಡು, ಒದ್ದೆ ಬಟ್ಟೆ ಸುತ್ತಿದ್ದ ತಮ್ಮ ತಂಬಿಗೆಯ ತಣ್ಣೀರನ್ನು ಬೆಣ್ಣೆ ಮುಳುಗುವಷ್ಟು ಸುರಿದರು. ಉಳಿದ ನೀರಿನಲ್ಲಿ ಅದೇ ಬಟ್ಟೆಯನ್ನು ತೋಯಿಸಿ, ಡಬ್ಬಿಗೆ ಸುತ್ತಿ, ಗಾಳಿ ಬಡಿಯುವಂತೆ ಕಿಟಕಿಗೆ ಹಿಡಿದು ಕೂತರು. ನಿಪ್ಪಾಣಿ ಬರುವಷ್ಟರಲ್ಲಿ ಬೆಣ್ಣೆ ಮತ್ತೆ ಗಟ್ಟಿಯಾಗತೊಡಗಿತ್ತು.

"ನಿಮ್ಮ ಮನ್ಯಾಗೂ ಬೆಣ್ಣಿ ಹಿಂಗ ಇಡ್ತೀರೇನ್ರಿ?" ಎಂದು ಕೇಳಿದೆ.

"ನಾವು ಜೈನರು, ಬೆಣ್ಣಿ ತಿನ್ನಂಗಿಲ್ರಿ. ಕಡದ ಕೂಡ್ಲೇ ಕಾಸಿ ತುಪ್ಪಾ ಮಾಡ್ತೇವಿ" ಎಂದು ನಕ್ಕರು.

ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಇಳಿದು ಅವರಿಗೊಂದು ನೀರಿನ ಬಾಟಲಿ ತಂದೆ. ಅವರು ಮೆಲ್ಲಗೆ ನನ್ನ ಕೈ ಹಿಂದಕ್ಕೆ ಸರಿಸಿದರು. "ಬ್ಯಾಡ್ರಿ ಯವ್ವಾ. ಮನ್ಯಾಗ ಸೋಸಿದ ನೀರು ಬಿಟ್ಟು ಬ್ಯಾರೇದು ಕುಡಿಯಂಗಿಲ್ಲ. ನಮ್ಮೂರು ಕೊರೋಚಿ ಏನು ಭಾಳ ದೂರಿಲ್ಲ ಬಿಡ್ರಿ."

ಸೋಸಿ ತಂದಿದ್ದ ಆ ನೀರಷ್ಟೂ ನನ್ನ ಡಬ್ಬಿಗೇ ಖರ್ಚಾಗಿತ್ತು.

ಇಚಲಕರಂಜಿಯಲ್ಲಿ ತಂಗಿ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟುಕೊಂಡು ಕಣ್ಣು ಮುಚ್ಚಿ ತಿಂದಳು. ನಾನು ಅವಳು ಕೊಟ್ಟ ನೀರಿನ ಲೋಟ ಹಿಡಿದು, ಆ ತಾಯಿ ಇಷ್ಟೊತ್ತಿಗೆ ಕೊರೋಚಿ ಮುಟ್ಟಿದರೋ ಇಲ್ಲವೋ ಎಂದು ಯೋಚಿಸುತ್ತ ಕುಡಿಯದೇ ಕೂತಿದ್ದೆ.